ನಾನು ಅಳಿಸಿದ ಸಾಲು

ನನಗೆ ಕೆಲಸ ಕಲಿಸಿದವರು ನಮ್ಮ ಆಫೀಸಿನ ಹಿರಿಯ ಸರ್. ಅವರು ಉಡುಪಿ ಕಡೆಯವರು. ನಮ್ಮ ಮನೆಯವರು ಧಾರವಾಡದವರು, ನಾನು ಹುಟ್ಟಿ ಬೆಳೆದದ್ದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ತುರ್ಭೆಯ ಆಫೀಸಿನಲ್ಲಿ ಕೂತು ದೂರದ ಸರ್ವರುಗಳನ್ನು ನೋಡಿಕೊಳ್ಳುವುದು ನಮ್ಮಿಬ್ಬರ ಕೆಲಸ. ನನ್ನ ಕನ್ನಡಕ್ಕೆ ಅವರು ನಗುತ್ತಿದ್ದರು, ಅವರ ಕನ್ನಡಕ್ಕೆ ನಾನು. ಉಳಿದವರ ಜೊತೆ ಇಬ್ಬರದೂ ಹಿಂದಿ.

ಸರ್ವರಿನ ಮೇಲೆ ನಮ್ಮದೊಂದು ಟರ್ಮಿನಲ್ ಸೆಷನ್ ಸದಾ ತೆರೆದಿರುತ್ತದೆ. ಕಪ್ಪು ಪರದೆ, ಬಿಳಿ ಅಕ್ಷರ. ಲೋಕಲ್ ರೈಲಿನಲ್ಲಿ ನೆಟ್‌ವರ್ಕ್ ಹೋಗಲಿ, ಮನೆಯಲ್ಲಿ ಕರೆಂಟ್ ಹೋಗಲಿ, ಮತ್ತೆ ಸೇರಿಕೊಂಡರೆ ಎಲ್ಲ ಬಿಟ್ಟಲ್ಲೇ ಇರುತ್ತದೆ. ಒಂದೇ ಪರದೆಗೆ ಇಬ್ಬರೂ ಸೇರಬಹುದು. ತೊಂದರೆ ಒಂದೇ. ಮೇಲೆ ಸರಿದುಹೋದ ಸಾಲುಗಳನ್ನು ನೋಡೋಣವೆಂದು ಮೌಸಿನ ಚಕ್ರ ತಿರುಗಿಸಿದರೆ ಅವು ಕಾಣುವುದಿಲ್ಲ. ಬದಲಿಗೆ ಹಿಂದೆ ಕೊಟ್ಟ ಕಮಾಂಡುಗಳು ಒಂದೊಂದಾಗಿ ಬರುತ್ತವೆ. ಸಾಲುಗಳು ಬೇಕಾದರೆ ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಬೇಕು, ಆಮೇಲೆ ಇನ್ನೊಂದು ಕೀ, ಆಮೇಲೆ ಪೇಜ್ ಅಪ್. ಇದು ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು, ಅದರ ಜಂಬವೂ ಇತ್ತು.

ಕಳೆದ ವರ್ಷ ಸರ್‌ಗೆ ಪಾರ್ಶ್ವವಾಯು ಆಯಿತು. ಸಣ್ಣದು ಎಂದರು ಡಾಕ್ಟರು. ಮೂರು ತಿಂಗಳ ರಜೆ ಮುಗಿಸಿ ಠಾಣೆ ಪಟ್ಟಣದ ತಮ್ಮ ಮನೆಯಿಂದಲೇ ಕೆಲಸ ಶುರುಮಾಡಿದರು. ಮಾತು ನೆಟ್ಟಗಿತ್ತು. ಎಡಗೈ ಸ್ವಲ್ಪ ಬಿಗಿ ಎಂದು ಫೋನಿನಲ್ಲಿ ಹೇಳಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗಿದ್ದ ಭಯವೂ ಕೈಯದಲ್ಲ. “ತಲೆ ಮುಂಚಿನ ಹಾಗೆ ಓಡ್ತದಾ ನೋಡ್ಬೇಕು. ಇಲ್ಲಾದ್ರೆ ಬಿಟ್ಟು ಮನೇಲಿ ಕೂರುದು” ಎಂದಿದ್ದರು.

ಒಂದು ಸೋಮವಾರ ಪರದೆಯಿಂದ ಒಂದು ಸಾಲು ಕಾಪಿ ಮಾಡಲು ಹೋದೆ. ಮೌಸ್ ಎಳೆದರೆ ಬಣ್ಣ ಬರುತ್ತದೆ, ಬಿಟ್ಟರೆ ಮಾಯ. ಸೆಟ್ಟಿಂಗಿನ ಫೈಲ್ ತೆರೆದು ನೋಡಿದರೆ, ಮೌಸ್ ಆನ್ ಮಾಡುವ ಸಾಲನ್ನು ಯಾರೋ ಸೇರಿಸಿದ್ದರು. ಅದಿದ್ದರೆ ಚಕ್ರ ಸರಿಯಾಗಿ ಕೆಲಸ ಮಾಡುತ್ತದೆ, ಆದರೆ ಕಾಪಿ ಮಾಡುವಾಗ ಶಿಫ್ಟ್ ಒತ್ತಿ ಹಿಡಿಯಬೇಕು. ಒತ್ತಿದ್ದರೆ ಮುಗಿದುಹೋಗುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಆಫೀಸಿನ ಹೊಸಬರಲ್ಲಿ ಯಾರದೋ ಕಿತಾಪತಿ ಎಂದುಕೊಂಡು ಸಾಲು ಅಳಿಸಿ, ಸೆಟ್ಟಿಂಗ್ ಮತ್ತೆ ಲೋಡ್ ಮಾಡಿ, ಯಾರಿಗೂ ಹೇಳದೆ ಊಟಕ್ಕೆ ಹೋದೆ.

ಆ ವಾರ ಸರ್ ತಡವರಿಸುವುದು ನನ್ನ ಪರದೆಯಲ್ಲೂ ಕಂಡಿತು. ಹಳೆಯ ಕಮಾಂಡುಗಳು ಮೇಲೆ ಬರುತ್ತಿದ್ದವು, ಕೆಳಗೆ ಹೋಗುತ್ತಿದ್ದವು, ಮತ್ತೆ ಬರುತ್ತಿದ್ದವು. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಚಕ್ರ ತಿರುಗಿಸುವವರ ಲಕ್ಷಣ ಅದು, ನನಗೆ ಹೊಳೆಯಬೇಕಿತ್ತು. ಪಾಪ, ಮೊದಲಿನ ಹಾಗಿಲ್ಲ ಎಂದುಕೊಂಡು ಸುಮ್ಮನಾದೆ.

ಶುಕ್ರವಾರ ಅವರೇ ಫೋನ್ ಮಾಡಿದರು. “ಭಾನುವಾರ ಒಮ್ಮೆ ಮನೆಗೆ ಬಾ ಮಾರಾಯ್ತಿ. ಎಲ್ಲ ನಿನಗೆ ಒಪ್ಪಿಸಿ ಬಿಡ್ತೇನೆ. ಇನ್ನು ನನ್ನಿಂದ ಆಗುದಿಲ್ಲ.”

ವಾಗ್ಳೆ ಎಸ್ಟೇಟಿನ ಹತ್ತಿರ, ಎರಡನೆಯ ಮಹಡಿಯಲ್ಲಿ ಅವರ ಮನೆ. ಅವರ ಹೆಂಡತಿ ಚಹಾ ಕೊಟ್ಟು ಅಡುಗೆಮನೆಗೆ ಹೋದರು. ಸರ್ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಎಡಗೈ ಮಡಿಲಲ್ಲಿತ್ತು, ಬೆರಳುಗಳು ಮಡಚಿಕೊಂಡೇ ಇದ್ದವು. ಎರಡು ಕೀ ಒಟ್ಟಿಗೆ ಒತ್ತುವ ಕೈಯಲ್ಲ ಅದು.

“ಏನಾತ್ರೀ ಸರ್?”

“ನೋಡು.” ಬಲಗೈಯಿಂದ ಚಕ್ರ ತಿರುಗಿಸಿದರು. ಹಳೆಯ ಕಮಾಂಡುಗಳು ಬಂದವು. “ಹೀಗೆ ಮಾಡಿದ್ರೆ ಮೇಲಿನ ಸಾಲೆಲ್ಲ ಕಾಣ್ತಿತ್ತು ಅಂತ ನನಗೆ ನೆನಪು. ಅದಕ್ಕೆ ಫೈಲಲ್ಲಿ ಒಂದು ಸಾಲು ನಾನೇ ಬರೆದದ್ದು ಅಂತಲೂ ನೆನಪು. ತೆರೆದು ನೋಡಿದೆ. ಅಲ್ಲಿ ಎಂತದೂ ಇಲ್ಲ. ಬರೆಯದ್ದನ್ನು ಬರೆದೆ ಅಂದ್ಕೊಳ್ಳುವವ ಸರ್ವರ್ ಮುಟ್ಟಬಾರ್ದು.”

ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

“ಸರ್, ಆ ಸಾಲು ಇತ್ತರೀ. ನೀವು ಬರ್ದಿದ್ರಿ. ನಾನು ಅಳಿಸೀನ್ರೀ.”

ಬೈಯಲಿ ಎಂದು ಕಾದೆ. ಅವರು ಫೈಲ್ ತೆರೆದರು. ನಾನು ಬರೆಯಲೆಂದು ಕೈ ಚಾಚಿದರೆ ಬೇಡವೆಂದು ಸರಿಸಿ, ಒಂದೇ ಬೆರಳಿನಲ್ಲಿ, ಎಲ್ಲೂ ನೋಡದೆ, ಒಂದಕ್ಷರ ತಪ್ಪದೆ ಆ ಸಾಲು ಬರೆದರು. ಸೆಟ್ಟಿಂಗ್ ಮತ್ತೆ ಲೋಡ್ ಮಾಡಿ ಚಕ್ರ ತಿರುಗಿಸಿದರು. ಹಿಂದಿನ ಸಾಲುಗಳೆಲ್ಲ ಇಳಿದು ಬಂದವು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ತುಳುವಿನಲ್ಲಿ ಏನೋ ಕೂಗಿದರು. ನನಗೆ ತುಳು ಬಾರದು, ಆದರೆ ಆ ದನಿಯಲ್ಲಿ ಅವರು ಮಾತಾಡಿದ್ದನ್ನು ಕೇಳಿ ವರ್ಷವಾಗಿತ್ತು.

ಅವರ ಹೆಂಡತಿ ಒದ್ದೆ ಕೈಯಲ್ಲೇ ಹೊರಬಂದು ನನ್ನ ಎದುರು ನಿಂತರು.

“ಹೌದನಾ? ಅದು ನೀನೇ ಅಳಿಸಿದ್ದಾ?”

“ಹೌದ್ರೀ, ನಾನೇ.”

“ಇವರ ಸಮಾಧಾನಕ್ಕೆ ಹೇಳುದಲ್ಲ ಅಲ್ವಾ?”

“ಅಲ್ಲರೀ. ನನ್ನದೇ ತಪ್ಪು.”

ಅವರು ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು ಅತ್ತುಬಿಟ್ಟರು. “ನಿನಗೆ ಪುಣ್ಯ ಬರ್ಲಿ ಮಗಳೇ” ಎಂದರು.