ಆಸಾಡಿಯಲ್ಲಿ ಕೊಯ್ಸಿಕೊಂಡದ್ದು

ನಮ್ಮನೆಯವರು ಆಪರೇಷನ್ನಿಗೆ ಒಪ್ಪಿದ್ದು ಡಾಕ್ಟ್ರು ಹಾಕಿಸಿದ ಆ ಕನ್ನಡಕದಿಂದ ಅಲ್ಲ. ಈಗ ತೆಕ್ಕಟ್ಟೆ ಪೇಟೆಯಲ್ಲಿ ಚಾ ಕುಡಿಯುತ್ತ ಕನ್ನಡಕದಿಂದಲೇ ಒಪ್ಪಿದ್ದು ಎಂದು ಹೇಳಿಕೊಂಡು ತಿರುಗುತ್ತಾರೆ, ತಿರುಗಲಿ. ನಾನು ಪಕ್ಕದಲ್ಲೇ ಇದ್ದೆ.

ಅವರ ಎಡಗಡೆಯ ಕಿಡ್ನಿಯಲ್ಲಿ ಗಡ್ಡೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಗಿತ್ತು. ಬಲಗಡೆಯದ್ದು ಕಲ್ಲಾಗಿ ಮೊದಲೇ ಹಾಳಾಗಿತ್ತು. ಈಗಲೇ ಕೊಯ್ದರೆ ಗಡ್ಡೆಯಷ್ಟನ್ನೇ ತೆಗೆಯಬಹುದು, ಬೆಳೆದರೆ ಇಡೀ ಕಿಡ್ನಿ ಹೋಗುತ್ತದೆ ಎಂದು ಡಾಕ್ಟ್ರು ಹೇಳಿದ್ದರು. ಇವರದ್ದು ಒಂದೇ ಮಾತು: "ಆಸಾಡಿ ಕಳಿಲಿ, ಸೋಣೆ ತಿಂಗಳಲ್ ಕೊಯ್ಸ್ಕಂಬ." ಆಸಾಡಿಯ ಮಳೆ ತಿಂಗಳು ಕಳೆದು ಮರುತಿಂಗಳು ಸೋಣೆ ಬರುವ ತನಕ ನಮ್ಮ ಕಡೆ ಹೊಸತು ಯಾವುದಕ್ಕೂ ಕೈ ಹಾಕುವುದಿಲ್ಲ, ಹೆಣ್ಣು ನೋಡಲಿಕ್ಕೂ ಹೋಗುವುದಿಲ್ಲ. ಆದರೆ ಇದು ಮದುವೆಯಲ್ಲವಲ್ಲ. ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ, ಒಪ್ಪದೆ ವಾಪಸು ಬಂದದ್ದು ಮೂರು ಸಲ.

ನಾಲ್ಕನೇ ಸಲ ಡಾಕ್ಟ್ರು ಇಬ್ಬರಿಗೂ ಒಂದೊಂದು ದಪ್ಪ ಕನ್ನಡಕ ಹಾಕಿಸಿದರು. ಮಿಕ್ಸೆಡ್ ರಿಯಾಲಿಟಿ ಅಂತೆ. ಮೇಜು, ಕುರ್ಚಿ, ಡಾಕ್ಟ್ರು ಎಲ್ಲ ಇದ್ದ ಹಾಗೇ ಕಾಣುತ್ತದೆ. ಮೇಜಿನ ಮೇಲೆ ಗಾಳಿಯಲ್ಲಿ ಇವರ ಕಿಡ್ನಿ ತೂಗುತ್ತಿತ್ತು, ತೆಂಗಿನಕಾಯಿಯಷ್ಟು ದೊಡ್ಡದಾಗಿ. ಇವರ ಸ್ಕ್ಯಾನಿನಿಂದಲೇ ಮಾಡಿದ ಚಿತ್ರವಂತೆ. ಡಾಕ್ಟ್ರು ಬೆರಳಲ್ಲಿ ಗಾಳಿ ಚಿವುಟಿ ಅದನ್ನು ತಿರುಗಿಸಿದರು. ಗಡ್ಡೆ ಹಳದಿ, ರಕ್ತನಾಳ ಕೆಂಪು. ಯಾವ ಕಡೆಯಿಂದ ಕತ್ತಿ ಹಾಕಿದರೆ ನಾಳಕ್ಕೆ ತಾಗುವುದಿಲ್ಲ ಎಂದು ಮೊದಲೇ ನೋಡಿಕೊಳ್ಳುವುದಕ್ಕೆ ಇದೆಲ್ಲ. ಅದು ನನಗೆ ಅರ್ಥವಾಯಿತು. ಮೀನಿನ ಹೊಟ್ಟೆ ಸೀಳುವಾಗ ಪಿತ್ತ ಒಡೆದರೆ ಇಡೀ ಮೀನು ಕಹಿ.

ಇವರು ಅದಕ್ಕೆ ಒಂದು ಸುತ್ತು ಬಂದು, "ಇದ್ ನಂದೇಯಾ?" ಎಂದರು.

"ಮತ್ ನಂದಾ?" ಎಂದೆ.

ಇವರು ಕನ್ನಡಕ ತೆಗೆದಿಟ್ಟು ಡಾಕ್ಟ್ರಿಗೆ ಹೇಳಿದ್ದು, "ಲಾಯ್ಕ್ ಕಾಣತ್ತ್. ಸೋಣೆಗೆ ಬತ್ತೆ."

ನನಗೆ ಸಿಟ್ಟೂ ಬರಲಿಲ್ಲ, ಅಷ್ಟು ಸುಸ್ತು. ಕೂತಲ್ಲಿಂದಲೇ ಹೇಳಿದೆ: "ಹಾಂಗಾರೆ ಆ ಗಡ್ಡಿಗೂ ಒಂದ್ ಮಾತ್ ಹೇಳಿ, ಸೋಣೆ ತನ್ಕ ಬೆಳಿಬೇಡ ಅಂದೇಳಿ. ನಿಮ್ ಪಂಚಾಂಗ ಅದ್ಕೆ ಗೊತ್ತಿಲ್ಲ. ನಂಗಂತೂ ಈ ಬಸ್ಸಂಗೆ ತಿರ್ಗುಕೆ ಆತಿಲ್ಲ. ಇನ್ನ್ ನೀವೊಬ್ರೇ ಬನ್ನಿ."

ಡಾಕ್ಟ್ರು ನಗು ತಡೆದುಕೊಂಡು ಕಿಟಕಿ ಕಡೆ ನೋಡಿದರು. ಇವರು ಒಬ್ಬರೇ ಆಸ್ಪತ್ರೆಗೆ ಹೋದವರೇ ಅಲ್ಲ. ಚೀಟಿ ಮಾಡಿಸುವುದು, ಸಾಲಿನಲ್ಲಿ ನಿಲ್ಲುವುದು ಎಲ್ಲ ನಾನೇ. ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಆಮೇಲೆ, "ಎಲ್ಲ್ ಸೈನ್ ಹಾಕುದ್?" ಎಂದರು.

ಮರುದಿನವೇ ಅಡ್ಮಿಟ್ ಆಗಲಿಕ್ಕೆ ಹೇಳಿದರು, ಕೊಯ್ಯುವುದು ಅದರ ಮರುದಿನ. ಬೆಳಿಗ್ಗೆ ಇವರಿಗೆ ಗಂಜಿ ಬಡಿಸಿ, ಎರಡು ಲುಂಗಿ, ಟವೆಲ್ಲು, ಲೋಟ ಚೀಲಕ್ಕೆ ತುಂಬಿ, ಇವರನ್ನು ಮೊದಲ ಬಸ್ಸಿಗೆ ಹತ್ತಿಸಿ, ಪಕ್ಕದ ಸೀಟಿನಲ್ಲಿ ನಾನೂ ಕೂತೆ.