ಎರಡು ಪೆಟ್ಟಿಗೆಯ ಆಂಪ್

ನಾನು ನಿಂತಿದ್ದದ್ದು ಗೌರಿಬಿದನೂರಿನ ಒಂದು ಕಲ್ಯಾಣಮಂಟಪದ ಹಿಂಬದಿಯ ಮೆಟ್ಟಿಲ ಮೇಲೆ, ಕೆಳಗಿನಿಂದ ಒಂಬತ್ತನೆಯದರಲ್ಲಿ. ಏಳು ವರ್ಷದ ಹಿಂದೆ, ಒಂದು ಆರತಕ್ಷತೆಯ ದಿನ, ಮಧ್ಯಾಹ್ನ ಮೂರೂವರೆ ದಾಟಿತ್ತು. ಅಣ್ಣ ನನಗಿಂತ ಮೂರು ಮೆಟ್ಟಿಲು ಕೆಳಗಿದ್ದರು.

ಅಣ್ಣ ಎಂದರೆ ನಮ್ಮ ಚಿಂತಾಮಣಿಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ನನಗೆ ಗಿಟಾರ್ ಹಿಡಿಯಲು ಕಲಿಸಿದವರೂ ಅವರೇ. ಆಗ ನಮ್ಮಲ್ಲಿದ್ದದ್ದು ಹಳೆಯ ಕಾಂಬೊ, ಗಿಟಾರಿನ ದನಿ ಏರಿಸುವ ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು. ಅದನ್ನು ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಲ್ಲ ತಿರುಗಿದೆವು. ಒಮ್ಮೆ ಜಂಗಮಕೋಟೆಯಲ್ಲಿ ಹತ್ತಿದ ಹೆಂಗಸೊಬ್ಬರು ಸೀಟು ಸಿಗದೆ ಅದರ ಮೇಲೆಯೇ ಕೂತರು. ಅಣ್ಣ ಏಳಿಸಲಿಲ್ಲ. ಆಕೆ ಇಳಿಯುವವರೆಗೂ ಅವರೊಡನೆ ತೆಲುಗಿನಲ್ಲಿ ಹಸುವಿನ ಮೇವಿನ ವಿಚಾರ ಮಾತಾಡಿದರು.

ಆ ಕಾಂಬೊ ಕೆಟ್ಟಿತು. ಹೊಸದು ಕೊಳ್ಳಲು ಇಬ್ಬರೂ ಬೆಂಗಳೂರಿನ ಅಂಗಡಿಗೆ ಹೋದೆವು. ನನ್ನ ಕಣ್ಣು ಬಿದ್ದದ್ದು ಹೆಡ್ ಮತ್ತು ಕ್ಯಾಬಿನೆಟ್ ಬೇರೆ ಬೇರೆಯಾಗಿರುವ ಜೋಡಿಯ ಮೇಲೆ. ಕೆಳಗೆ ಸ್ಪೀಕರಿನ ದೊಡ್ಡ ಪೆಟ್ಟಿಗೆ ಕ್ಯಾಬಿನೆಟ್, ಅದರ ಮೇಲೆ ಆಂಪಿನ ಚಿಕ್ಕ ಪೆಟ್ಟಿಗೆ ಹೆಡ್, ಎರಡೂ ಸೇರಿದರೆ ನನ್ನ ಎದೆಯೆತ್ತರ.

"ಒಂದೇ ಡಬ್ಬ ಸಾಕು ಕಣಪ್ಪ," ಅಂದರು ಅಣ್ಣ. "ಒಬ್ಬ ಎತ್ತಬೇಕು, ಇನ್ನೊಬ್ಬ ಬಾಗಿಲು ತೆಗೀಬೇಕು. ಎರಡಾದ್ರೆ ಬಾಗಿಲು ಯಾರು ತೆಗೀತಾರೆ?"

ನಾನು ಹಟ ಬಿಡಲಿಲ್ಲ. ಅವರು ನಕ್ಕರು. "ಆಯ್ತು, ತಗೋ. ಬಸ್ಸಲ್ಲಿ ಅದಕ್ಕೊಂದು ಸೀಟು, ಇದಕ್ಕೊಂದು ಸೀಟು. ನಾವಿಬ್ರೂ ನಿಂತ್ಕೊಂಡು ಹೋಗಣ."

ಅದರ ದನಿ ಚೆನ್ನಾಗಿತ್ತು. ಅದನ್ನು ಇಲ್ಲವೆನ್ನಲಾರೆ.

ಆರತಕ್ಷತೆಯ ಆ ದಿನ ಮತ್ತೊಮ್ಮೆ ಇಳಿದು ಹತ್ತುವುದು ಬೇಡವೆಂದು ಎರಡನ್ನೂ ಒಟ್ಟಿಗೆ ಒಯ್ಯುತ್ತಿದ್ದೆ. ಬಲಗೈಯಲ್ಲಿ ಕ್ಯಾಬಿನೆಟ್ಟಿನ ಹಿಡಿ, ಎಡಗೈಯಲ್ಲಿ ಹೆಡ್. ಕ್ಯಾಬಿನೆಟ್ಟಿನ ಕೆಳತುದಿಯನ್ನು ಅಣ್ಣ ಹೊತ್ತಿದ್ದರು. ಒಂಬತ್ತನೆಯ ಮೆಟ್ಟಿಲಲ್ಲಿ ಎಡಗೈ ಬೆವರಿ ಹೆಡ್ ಜಾರತೊಡಗಿತು. ನಾನು ಬಲಗೈ ಬಿಟ್ಟೆ. ಎರಡೂ ಕೈಯಿಂದ ಹೆಡ್ಡನ್ನು ಎದೆಗೆ ಅವುಚಿಕೊಂಡೆ. ಆದದ್ದು ಇದೇ ಕ್ರಮದಲ್ಲಿ.

ಕ್ಯಾಬಿನೆಟ್ ಅಣ್ಣನ ಎಡಗೈಯನ್ನು ಗೋಡೆಗೆ ಒತ್ತಿತು.

ಜನ ಸೇರಿದರು. ಏನಾಯಿತೆಂದು ಯಾರೋ ಕೇಳಿದರು. "ನನ್ನ ಕೈಯೇ ಜಾರ್ತು," ಅಂದರು ಅಣ್ಣ. ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಸಂಜೆ ನಾವು ಕೀಬೋರ್ಡಿಲ್ಲದೆ ನುಡಿಸಿದೆವು. ಹೆಡ್ಡಿಗೆ ಒಂದು ಗೀರೂ ಆಗಿರಲಿಲ್ಲ.

ಅವರ ಎರಡು ಬೆರಳು ಮತ್ತೆ ಮಡಚಲು ಬರಲಿಲ್ಲ. ಕೀಬೋರ್ಡ್ ಬಿಟ್ಟರು. ಈಗ ತೊಂಡೇಬಾವಿಯ ಮನೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾರೆ. ಬಲಗೈಯಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ. ಗಾಳಿ ಒತ್ತಲು ಆ ಎಡಗೈ ಸಾಕಂತೆ. ನಾನು ಹೋದಾಗಲೆಲ್ಲ ಕಾಫಿ ಕೊಟ್ಟು ಬಸ್ಸಿನ ಆ ಹೆಂಗಸಿನ ಕಥೆ ತೆಗೆಯುತ್ತಾರೆ. ಮೆಟ್ಟಿಲ ಮಾತು ತೆಗೆಯುವುದಿಲ್ಲ. ನಾನೂ ತೆಗೆದಿಲ್ಲ. ನನ್ನ ಬಳಿ ಕಲಿಯುವವರು ಯಾವ ಆಂಪ್ ಕೊಳ್ಳಲಿ ಎಂದರೆ ಕಾಂಬೊ ಅನ್ನುತ್ತೇನೆ, ಕಾರಣ ಹೇಳುವುದಿಲ್ಲ.

ನಾನು ಕೈ ಬಿಟ್ಟದ್ದನ್ನು ಕಂಡವರು ನನ್ನನ್ನು ಬಿಟ್ಟು ಮೂವರು. ಕೆಳಗೆ ನಿಂತಿದ್ದ ನಮ್ಮ ಡ್ರಮ್ಮಿನವರು ಆಮೇಲೆ ತೀರಿಕೊಂಡರು. ಮೆಟ್ಟಿಲ ತಿರುವಿನಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಅಡುಗೆಯಾಕೆ ಗೌರಿಬಿದನೂರಿನಲ್ಲೇ ಇದ್ದಾರೆ. ಇನ್ನೊಬ್ಬರು, ಮುಖ ಮೇಲೆತ್ತಿ ನನ್ನ ಬಲಗೈಯನ್ನೇ ನೋಡುತ್ತಿದ್ದ ಅಣ್ಣ.