ಎರಡು ಗಂಟೆ ಕೂರುವ ಪರೀಕ್ಷೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ನಾನು ವೈದ್ಯೆಯಾಗಿ ಬಂದ ಮೊದಲ ವರ್ಷ. ಗರ್ಭಿಣಿಯರ ಸಕ್ಕರೆ ಕಾಯಿಲೆ ಪತ್ತೆ ಮಾಡುವ ಮಾರ್ಗಸೂಚಿಯಲ್ಲಿ ಯಾವ ಹಂತ ದಿನನಿತ್ಯ ಮಾಡಲು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬರೆದು ಕಳಿಸುವಂತೆ ಮೇಲಿನ ಕಚೇರಿ ಕೇಳಿತ್ತು. ಲೆಕ್ಕ ಇಡುವುದು ನನಗೆ ಮೊದಲಿನಿಂದ ಅಭ್ಯಾಸ. ಸಂಜೆ ಸಿಬ್ಬಂದಿಯೆಲ್ಲ ಬಸ್ಸು ಹತ್ತಿದ ಮೇಲೆ ಕ್ವಾರ್ಟರ್ಸಿನಲ್ಲಿ ದಿನಚರಿ ಬಿಟ್ಟರೆ ಬೇರೆ ಜೊತೆಯೂ ಇರಲಿಲ್ಲ.

ಕಾಗದದ ಮೇಲೆ ಸುಲಭ: ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕೂರಿಸಿ, ರಕ್ತ ನೋಡಬೇಕು. ಆ ತಿಂಗಳು ಕುಡಿದವರು ಹನ್ನೊಂದು ಮಂದಿ. ಪೂರ್ತಿ ಕೂತವರು ನಾಲ್ವರು.

ಮಿಕ್ಕವರಲ್ಲಿ ಒಬ್ಬಳ ಬಗ್ಗೆ ನನಗೆ ಭಯವಿತ್ತು. ಅವಳ ಮೊದಲ ಮಗು ತೀರಾ ದಪ್ಪಗೆ ಬೆಳೆದು ಹೊಟ್ಟೆಯಲ್ಲೇ ತೀರಿಹೋಗಿತ್ತು; ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಹಾಗಾಗುವುದುಂಟು. ಮಧ್ಯಾಹ್ನ ಎರಡೂವರೆಗೆ ನೀರು ಕುಡಿದಳು. ಆಮೇಲೆ ನೋಡಿದರೆ ಬೆಂಚಿನ ಮೇಲೆ ಅವಳ ಚೀಲ ಮಾತ್ರ. ನಾಲ್ಕೂವರೆಗೆ ಏದುಸಿರು ಬಿಡುತ್ತ ಬಂದು ಬೆರಳು ಚಾಚಿದಳು.

"ಎಲ್ಲಿಗಮ್ಮ ಹೋಗಿದ್ದೆ?"

"ಹಸ ಕರೆದ್ಬಿಟ್ಟು ಬಂದೆ ಮೇಡಮ್ಮೋರೆ. ನನ್ ಜಾಗಕ್ಕೆ ಚೀಲ ಮಡಗಿದ್ನಲ್ಲ!"

ರೇಷನ್ ಅಂಗಡಿ ಸಾಲಿನಲ್ಲಿ ಹಾಗೇ ನಡೆಯುತ್ತದೆ. ಇಲ್ಲಿ ಕಾಯುವುದೂ ಸರದಿಗಾಗಿ ಎಂದೇ ಅವಳು ತಿಳಿದಿದ್ದಳು.

ನರ್ಸಮ್ಮ ನಕ್ಕರು. "ಹಂಗಾದ್ರೆ ಚೀಲದ ಸಕ್ಕರೇನೇ ನೋಡ್ಲೇನಮ್ಮ?"

ಸಕ್ಕರೆ ಸರಿಯಿದೆ ಎಂದೇ ಬಂತು. ಆದರೆ ಮೈ ದಣಿದರೆ ಸಕ್ಕರೆ ಇಳಿಯುತ್ತದೆ; ಅಷ್ಟು ನಡೆದು, ದುಡಿದು ಬಂದವಳ ಅಂಕಿಯನ್ನು ನಂಬುವಂತಿರಲಿಲ್ಲ. ಇನ್ನೊಮ್ಮೆ ಮಾಡಬೇಕು ಎಂದೆ.

"ಡೇರಿಯೋರು ನಿಮ್ ಗಡಿಯಾರ ನೋಡ್ಕೊಂಡು ಹಾಲು ಅಳೀತಾರಾ? ನಮ್ ಹಸ ಬೇರೆಯೋರ್ ಕೈಗೆ ನಿಲ್ಲಲ್ಲ" ಎಂದು ರೇಗಿದಳು.

"ಭಾನುವಾರ ಬೆಳಗ್ಗೆ ಡೇರಿಗೆ ಹಾಲು ಹಾಕ್ಬಿಟ್ಟು ಬಾ. ನಾನೇ ಮಾಡ್ತೀನಿ."

ಬಂದಳು. ಕೇಂದ್ರದಲ್ಲಿ ನಾವಿಬ್ಬರೇ. ಎದ್ದು ಹೋದಾಳು ಎಂದು ನಾನೂ ಪಕ್ಕದಲ್ಲೇ ಕೂತೆ.

"ಒಬ್ರೇ ಇರ್ತೀರಾ? ಒಬ್ರಿಗೆ ಸಾರು ಹೆಂಗ್ ಮಾಡ್ಕೊಂತೀರಿ?"

"ಒಂದ್ಸಲ ಮಾಡಿದ್ರೆ ಎರಡು ದಿನ."

"ಅಯ್ಯೋ, ನಮಗೆ ಮಾತ್ರ ಬಿಸಿಬಿಸಿ ಉಣ್ಣಿ ಅಂತೀರಿ!"

ಗಟ್ಟಿಯಾಗಿ ನಕ್ಕೆ. ಖಾಲಿ ಕೋಣೆಯಲ್ಲಿ ನನ್ನ ನಗು ನನಗೇ ಹೊಸದೆನಿಸಿತು. ಎರಡು ಗಂಟೆ ಇಷ್ಟು ಬೇಗ ಮುಗಿಯಬಾರದಿತ್ತು.

ಈ ಸಲ ಅಂಕಿ ಹೆಚ್ಚಿತ್ತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇದು ಉಳೀತದಾ ಮೇಡಮ್ಮೋರೆ?"

"ಈಗ್ಲೇ ಗೊತ್ತಾಯ್ತಲ್ಲ, ನೋಡ್ಕೊಬೋದು. ನಾಳೇನೇ ದೇವನಹಳ್ಳಿ ಆಸ್ಪತ್ರೆಗೆ ಹೋಗು."

"ಅಲ್ಲೂ ನೀವೇ ಇರ್ತೀರಾ?"

"ಇಲ್ಲ. ಇನ್ಮೇಲೆ ಅಲ್ಲಿಯೋರೇ ನೋಡ್ತಾರೆ."

ಕಚೇರಿಗೆ ಬರೆದೆ: ಎರಡು ಗಂಟೆ ಕೂರಿಸಲು ಆಗುತ್ತದೆ, ಹಾಲು ಕರೆಯುವ ಹೊತ್ತು ಬಿಟ್ಟು, ಜೊತೆಗೆ ಯಾರಾದರೂ ಕೂತರೆ. ಉತ್ತರ ಬರಲಿಲ್ಲ.

ಅವಳೂ ಮತ್ತೆ ನಮ್ಮ ಕೇಂದ್ರಕ್ಕೆ ಬರಲಿಲ್ಲ. ತಿಂಗಳುಗಳಾದ ಮೇಲೆ ಆಶಾ ಕಾರ್ಯಕರ್ತೆ ಸುದ್ದಿ ತಂದರು: ಹೆಣ್ಣು ಮಗು, ಅಳು ಜೋರಂತೆ, ತಾಯಿಯೂ ಚೆನ್ನಾಗಿದ್ದಾಳೆ. ಆ ಸಂಜೆ ಅದನ್ನು ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಯಾರಿಗೆ ಹೇಳಿದರೂ ಅವಳ ಕತೆಯನ್ನು ಮೊದಲಿನಿಂದ ಶುರುಮಾಡಬೇಕಿತ್ತು.